ಹಾವಸೆಯೊಳಗಿನ ಹೂವು: ಆಂಡೀಸ್ ಪರ್ವತಗಳ ಕಿರು ಆರ್ಕಿಡ್‌ಗಳು

ಸಸ್ಯಲೋಕದ ವೈಭವವನ್ನು ನೆನೆಯುವಾಗ ನಮ್ಮ ಕಣ್ಣಮುಂದೆ ಸಾಮಾನ್ಯವಾಗಿ ನಿಲ್ಲುವುವು ಆಲ, ಅರಳಿ, ತೇಗ, ಹೊನ್ನೆಗಳಂಥ ಮಹಾವೃಕ್ಷಗಳು. ಮರದ ತೊಗಟೆಯ ಮೇಲೆ, ಮಳೆನೀರು ಕುಡಿದು ಹಸುರಾದ ಹಾವಸೆಯ ನಡುವೆ, ಸಾಸಿವೆಕಾಳಿನಷ್ಟು ಗಾತ್ರದ ಹೂವನ್ನು ಅರಳಿಸಿ ಬಾಳುವ ಗಿಡವೊಂದು ಇದ್ದೀತೆಂಬ ಯೋಚನೆ ನಮಗೆ ಹೊಳೆಯುವುದು ವಿರಳ. ಅಂಥ ಗಿಡಗಳು ಒಂದೆರಡಲ್ಲ, ಬಹುಸಂಖ್ಯೆಯಲ್ಲಿ ಉಂಟು. ಅವುಗಳಲ್ಲಿ ಎಷ್ಟೋ ಗಿಡಗಳಿಗೆ ಇಂದಿಗೂ ಹೆಸರಿಲ್ಲ. ಆ ಗಿಡಗಳು ಹೇಗೆ ಬದುಕುತ್ತವೆ, ಅವುಗಳಿಗೆ ಹೆಸರು ದೊರೆಯುವ ಬಗೆ ಯಾವುದು, ಹೆಸರಿನಿಂದ ಆಗುವ ಪ್ರಯೋಜನವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಪಸ್ತಾಸಾ ಎಂಬ ನದಿಯುಂಟು. ಅದು ಆಂಡೀಸ್ ಪರ್ವತಶ್ರೇಣಿಯನ್ನು ಸೀಳಿಕೊಂಡು, ಆಳವಾದ ಕಣಿವೆಯ ಮೂಲಕ ಪೂರ್ವಾಭಿಮುಖವಾಗಿ ಅಮೆಜಾನ್ ಬಯಲಿಗೆ ಇಳಿಯುತ್ತದೆ. ಬಯಲಿನಿಂದ ಮೇಲೇರಿ ಬರುವ ತೇವದ ಗಾಳಿ ಈ ಕಣಿವೆಯ ಶಿಖರಗಳಿಗೆ ತಾಗಿ ಮಂಜಾಗಿ, ಮೋಡವಾಗಿ ಕಾಡನ್ನು ತೋಯಿಸುತ್ತದೆ. ಇಲ್ಲಿ ಮರಗಳ ಕಾಂಡ, ಕೊಂಬೆ, ಬೇರುಗಳೆಲ್ಲ ಹಾವಸೆಯ ದಪ್ಪ ಹೊದಿಕೆಯನ್ನು ಹೊದ್ದು ನಿಂತಿರುತ್ತವೆ. 2000ನೆಯ ಇಸವಿಯಲ್ಲಿ ಲೂ ಜೋಸ್ಟ್ ಎಂಬ ಅಮೆರಿಕದ ವಿಜ್ಞಾನಿ ಈ ಪ್ರದೇಶದ ಬೆಟ್ಟವೊಂದರಲ್ಲಿ ಹಾವಸೆಯ ಒಂದು ಸಣ್ಣ ತುಣುಕನ್ನು ಪರೀಕ್ಷಿಸುತ್ತಿದ್ದಾಗ, ಅದೊಂದರಲ್ಲಿಯೇ ಟೀಗ್ವಿಯಾ ಎಂಬ ಜಾತಿಗೆ ಸೇರಿದ ನಾಲ್ಕು ಕಿರು ಆರ್ಕಿಡ್‌ಗಳು ಒಟ್ಟಿಗೆ ಬೆಳೆದಿದ್ದುದು ಕಂಡಿತು. ನಾಲ್ಕೂ ಬೇರೆ ಬೇರೆ ಪ್ರಭೇದಗಳು. ನಾಲ್ಕೂ ವಿಜ್ಞಾನಕ್ಕೆ ಹೊಸವು. ಒಂದು ಅಂಗೈಯಗಲದ ಹಸುರಿನಲ್ಲಿ ನಾಲ್ಕು ಅಜ್ಞಾತ ಜೀವಿಗಳೆಂದರೆ ಅದು ಸಾಮಾನ್ಯ ಸಂಗತಿಯಲ್ಲ.

ಜೋಸ್ಟ್ ಅವರು ಮೂಲತಃ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿದವರು. ಅವರೊಡನೆ ಈ ಸಸ್ಯಗಳನ್ನು ಪರಿಶೀಲಿಸಿದ ಕಾರ್ಲ್ ಲ್ಯೂಯರ್ (1922–2019) ವೃತ್ತಿಯಿಂದ ವೈದ್ಯರಾಗಿದ್ದವರು. ಅನಂತರ ಕಿರು ಆರ್ಕಿಡ್‌ಗಳ ಅಧ್ಯಯನಕ್ಕೇ ಬಾಳನ್ನು ಮುಡಿಪಾಗಿಟ್ಟು, ಸಾವಿರಾರು ಪ್ರಭೇದಗಳನ್ನು ತಮ್ಮ ಕೈಯಿಂದಲೇ ಚಿತ್ರಿಸಿ ವರ್ಣಿಸಿದರು. ಇವರಿಬ್ಬರ ಶ್ರಮದಿಂದ ಆ ನಾಲ್ಕು ಗಿಡಗಳಿಗೆ ಹೆಸರು ಬಂದಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2002ರಲ್ಲಿ ಜೋಸ್ಟ್ ತಮ್ಮ ವಿದ್ಯಾರ್ಥಿಗಳೊಡನೆ ನೆರೆಯ ಬೆಟ್ಟಗಳನ್ನು ಏರಿದಾಗ ಇನ್ನೂ ಹಲವು ಹೊಸ ಟೀಗ್ವಿಯಾಗಳು ದೊರೆತುವು. 2004ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಆ ಕಣಿವೆಯೊಂದರಲ್ಲಿಯೇ ದೊರೆತ ಹೊಸ ಪ್ರಭೇದಗಳ ಸಂಖ್ಯೆ 26. ಒಂದೊಂದು ಬೆಟ್ಟದಲ್ಲಿ 16ರವರೆಗೂ ಪ್ರಭೇದಗಳು ಕೂಡಿ ಬಾಳುತ್ತಿದ್ದುವು. ಬಹುತೇಕ ಎಲ್ಲವೂ ಸಮುದ್ರಮಟ್ಟದಿಂದ 3100 ಮೀಟರಿಗಿಂತ ಮೇಲೆಯೇ ಇದ್ದುವು. ಅದೇ ಈಕ್ವೆಡಾರ್ ದೇಶದ ಗಲಾಪಗೋಸ್ ದ್ವೀಪಗಳಲ್ಲಿ ಡಾರ್ವಿನ್ನರ ಹೆಸರಿನಿಂದ ಪ್ರಸಿದ್ಧವಾದ ಹಕ್ಕಿಗಳಲ್ಲಿಯೂ ಇಷ್ಟೊಂದು ಪ್ರಭೇದಗಳಿಲ್ಲ.

ಅಪ್ಪುಗಿಡದ ಬಾಳು

ಆರ್ಕಿಡ್ ಎಂಬ ಹೆಸರು ನಮ್ಮಲ್ಲಿ ಕೆಲವರಿಗೆ ಹೊಸದಾಗಿರಬಹುದು. ಆದರೆ ಗಿಡ ಹೊಸದಲ್ಲ. ಮಲೆನಾಡಿನ ಮರಗಳ ಮೇಲೆ ಮಳೆಗಾಲದಲ್ಲಿ ದಂಡೆದಂಡೆಯಾಗಿ ಇಳಿಬಿದ್ದು ಅರಳುವ ಸೀತಾಳೆ ಈ ಕುಟುಂಬಕ್ಕೇ ಸೇರಿದುದು. ಮರದ ಮೇಲೆ ಬೆಳೆಯುವ ಕಾರಣ ಇದನ್ನು ಬಂದಳಿಕೆಯ ಜೊತೆಗೆ ಸೇರಿಸಿ ಎಣಿಸುವುದುಂಟು. ಅದು ಸರಿಯಲ್ಲ. ಬಂದಳಿಕೆಯು ಆಶ್ರಯ ಕೊಟ್ಟ ಮರದೊಳಕ್ಕೆ ಬೇರಿಳಿಸಿ ಅದರ ರಸವನ್ನು ಹೀರುತ್ತದೆ. ಆರ್ಕಿಡ್‌ಗಳಾದರೋ ಮರವನ್ನು ಅಪ್ಪಿಕೊಂಡು ನಿಲ್ಲುವ ಅಪ್ಪುಗಿಡಗಳು. ಮರದಿಂದ ಅವು ಬೇಡುವುದು ನಿಲ್ಲುವುದಕ್ಕೆ ಒಂದಿಷ್ಟು ನೆಲೆಯನ್ನು ಮಾತ್ರ. ಅನ್ನವನ್ನು ತಮ್ಮ ಹಸುರೆಲೆಗಳಿಂದ ತಾವೇ ಸಂಪಾದಿಸಿಕೊಳ್ಳುತ್ತವೆ.

ನೆಲದ ಸಂಪರ್ಕವಿಲ್ಲದೆ ನೀರು ದೊರೆಯುವುದು ಹೇಗೆ? ಇವುಗಳ ಬೇರಿನ ಸುತ್ತ ನಿರ್ಜೀವ ಕೋಶಗಳ ಬೆಳ್ಳನೆಯ ಕವಚವೊಂದಿರುತ್ತದೆ. ಇದಕ್ಕೆ ವೆಲಾಮೆನ್ ಎಂದು ಹೆಸರು. ಮಳೆಹನಿ ಬಿದ್ದೊಡನೆ ಇದು ಸ್ಪಂಜಿನಂತೆ ನೀರನ್ನು ಹೀರಿ, ನಿಧಾನವಾಗಿ ಒಳಬೇರಿಗೆ ಒದಗಿಸುತ್ತದೆ. ಮೋಡ ಮುಸುಕಿದ ಬೆಟ್ಟಗಳಲ್ಲಿ ಹಾವಸೆಯೂ ತೇವವನ್ನು ಹಿಡಿದಿಡುವುದರಿಂದ, ಬೆರಳುದ್ದಕ್ಕಿಂತ ಕಿರಿದಾದ ಗಿಡಕ್ಕೂ ಅಲ್ಲಿ ಬಾಳುವೆ ಸಾಧ್ಯವಾಗುತ್ತದೆ. ಗಿಡ ಚಿಕ್ಕದಾದಷ್ಟೂ ಸಣ್ಣ ರೆಂಬೆಯ ತುದಿಯೂ ಅದಕ್ಕೆ ಮನೆಯಾಗಬಲ್ಲದು. ಆದರೆ ಈ ಅನುಕೂಲದಲ್ಲಿಯೇ ಅಪಾಯವೂ ಅಡಗಿದೆ. ದೊಡ್ಡ ಗಿಡ ಕೆಲವು ವಾರಗಳ ಬಿಸಿಲನ್ನು ತಡೆದೀತು. ಹಾವಸೆ ಒಣಗಿತೆಂದರೆ ಕಿರುಗಿಡಕ್ಕೆ ಬೇರೆ ಆಸರೆಯಿಲ್ಲ.

ಇವುಗಳ ಬೀಜ ಇನ್ನೂ ಸೋಜಿಗದ್ದು. ಅದು ಧೂಳಿನಷ್ಟು ಹಗುರವಾಗಿ ಗಾಳಿಯಲ್ಲಿ ತೇಲಿ ಹೋಗಬಲ್ಲದು. ಆದರೆ ಮೊಳಕೆಗೆ ಬೇಕಾದ ಆಹಾರದ ಬುತ್ತಿ ಅದರಲ್ಲಿಲ್ಲ. ತಕ್ಕ ಶಿಲೀಂಧ್ರವೊಂದು ಬೀಜದೊಳಗೆ ಸೇರಿ ಪೋಷಿಸಿದರೆ ಮಾತ್ರ ಕಾಡಿನಲ್ಲಿ ಆರ್ಕಿಡ್ ಮೊಳೆಯುತ್ತದೆ. ಇದನ್ನು 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಶಿಲೀಂಧ್ರದ ನೆರವಿಲ್ಲದೆಯೇ ಬೀಜವನ್ನು ಮೊಳೆಯಿಸಿ ತೋರಿಸಿದರು. ಇಂದು ಪೇಟೆಯಲ್ಲಿ ದೊರೆಯುವ ಆರ್ಕಿಡ್‌ಗಳ ಕೃಷಿಗೆ ಅದೇ ತಳಹದಿಯಾಯಿತು. ಕಾಡಿನಲ್ಲಿ ಮಾತ್ರ ಹಳೆಯ ನಿಯಮವೇ ನಡೆದಿದೆ: ಮರ, ಹಾವಸೆ, ಶಿಲೀಂಧ್ರ ಈ ಮೂರೂ ಇದ್ದಲ್ಲಿ ಆರ್ಕಿಡ್ ಉಂಟು, ಒಂದು ತಪ್ಪಿದರೆ ಇಲ್ಲ.

ಇಷ್ಟು ಚಿಕ್ಕ ಹೂವಿಗೆ ಅತಿಥಿ ಯಾರು?

2009ರಲ್ಲಿ ಜೋಸ್ಟ್ ಅವರಿಗೆ ಈಕ್ವೆಡಾರ್‌ನ ಸೆರ್ರೊ ಕಾಂಡೆಲಾರಿಯಾ ಎಂಬ ರಕ್ಷಿತ ಅರಣ್ಯದಿಂದ ತಂದ ಬೇರೊಂದು ಗಿಡದ ಬೇರುಗಳ ನಡುವೆ ಪ್ಲಾಟಿಸ್ಟೀಲೆ ಜಾತಿಯ ಆರ್ಕಿಡ್ ಒಂದು ಕಂಡಿತು. ಅದರ ಹೂವಿನ ಅಗಲ 2.1 ಮಿಲಿಮೀಟರ್. ದಳಗಳು ಒಂದೇ ಕೋಶದಷ್ಟು ತೆಳುವಾಗಿ, ಪಾರದರ್ಶಕವಾಗಿದ್ದುವು. 2015ರಲ್ಲಿ ಬ್ರೆಜಿಲ್ ದೇಶದಿಂದ ವರ್ಣಿತವಾದ ಕ್ಯಾಂಪೈಲೊಸೆಂಟ್ರಮ್ ಇನ್ಸುಲಾರೆ ಎಂಬುದರ ಹೂವು ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಜೇನುನೊಣ ಕೂರಲಾರದ ಇಂಥ ಹೂಗಳಿಗೆ ಪರಾಗವನ್ನು ಹೊತ್ತು ತರುವವರು ಯಾರು?

ಇದಕ್ಕೆ ಉತ್ತರದ ಒಂದು ಭಾಗ ದೊರೆತದ್ದು ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ. ಲೆಪಾಂಥಿಸ್ ಎಂಬುದು ಸಾವಿರಕ್ಕೂ ಮಿಕ್ಕ ಪ್ರಭೇದಗಳುಳ್ಳ ಕಿರು ಆರ್ಕಿಡ್ ಜಾತಿ. ತೆಳ್ಳನೆಯ ಕಾಂಡದ ತುದಿಯಲ್ಲಿ ಒಂದೇ ಒಂದು ಎಲೆ. ಅನೇಕ ಪ್ರಭೇದಗಳಲ್ಲಿ ಆ ಎಲೆಗೆ ಒರಗಿಕೊಂಡಂತೆ ಅರಳುವ ಕೆಂಪು, ಹಳದಿ ಬಣ್ಣಗಳ ಹೂವು. ಅದರಲ್ಲಿ ಭೇಟಿಕಾರ ಕೀಟಕ್ಕೆ ಉಣ್ಣಲು ಏನೂ ಇಲ್ಲ. ಮಾರಿಯೋ ಬ್ಲಾಂಕೊ ಮತ್ತು ಗೇಬ್ರಿಯೆಲ್ ಬಾರ್ಬೋಸಾ ಎಂಬ ಸಸ್ಯವಿಜ್ಞಾನಿಗಳು ಲೆಪಾಂಥಿಸ್ ಗ್ಲಿಕೆನ್‌ಸ್ಟೈನಿಯೈ ಎಂಬ ಪ್ರಭೇದವನ್ನು ಕಾದು ನೋಡಿ 2005ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅದಕ್ಕೆ ಬರುತ್ತಿದ್ದುದು ಬ್ರಾಡಿಸಿಯಾ ಎಂಬ ಜಾತಿಯ ಒಂದೇ ಬಗೆಯ ನುಸಿ. ಅದರಲ್ಲಿಯೂ ಗಂಡು ನುಸಿ ಮಾತ್ರ. ಹೂವನ್ನು ತನ್ನ ಹೆಣ್ಣೆಂದು ಭ್ರಮಿಸಿ ಅದು ಹೂವಿನ ತುಟಿದಳದ ಚಿಕ್ಕ ಅಂಗವೊಂದನ್ನು ಉದರದ ತುದಿಯಿಂದ ಹಿಡಿಯುತ್ತದೆ. ಆಗ ಪರಾಗಪಿಂಡ ಅದರ ಉದರಕ್ಕೆ ಅಂಟಿಕೊಳ್ಳುತ್ತದೆ. ಮತ್ತೊಂದು ಹೂವಿನಲ್ಲಿ ಇದೇ ಭ್ರಮೆಗೆ ಒಳಗಾದಾಗ ಪರಾಗಸ್ಪರ್ಶ ನೆರವೇರುತ್ತದೆ.

ಒಂದು ಹೂವು, ಒಂದು ನುಸಿ ಎಂಬ ಈ ಕಟ್ಟುಪಾಡಿನಲ್ಲಿ ಪ್ರಭೇದಗಳ ಬಾಹುಳ್ಯಕ್ಕೂ ಒಂದು ಕಾರಣ ಕಾಣಸಿಗುತ್ತದೆ. ಹೂವಿನ ಆಕಾರ ಅಥವಾ ಗಂಧ ತುಸು ಬದಲಾಗಿ ಬೇರೊಂದು ನುಸಿ ಆಕರ್ಷಿತವಾಯಿತೆಂದರೆ, ಒಂದೇ ಕೊಂಬೆಯ ಮೇಲಿದ್ದರೂ ಆ ಎರಡು ಗಿಡಗಳ ವಂಶಗಳು ಬೇರೆಯಾಗಿ ಬೆಳೆಯಬಲ್ಲವು. ಇದರೊಡನೆ ಕಣಿವೆಗಳು ಬೆಟ್ಟವನ್ನು ಬೆಟ್ಟದಿಂದ ಅಗಲಿಸುತ್ತವೆ. ಬೆಚ್ಚನೆಯ ಕಣಿವೆಯನ್ನು ದಾಟಲಾರದ ತಂಪುನಾಡಿನ ಗಿಡಕ್ಕೆ ಪ್ರತಿಯೊಂದು ಶಿಖರವೂ ಕಡಲ ನಡುವಣ ದ್ವೀಪದಂತೆಯೇ ಸರಿ.

ಹೆಸರಿಡುವ ಕಾಯಕ

ಹೊಸ ಗಿಡವನ್ನು ಕಂಡವರು ಮನಬಂದಂತೆ ಹೆಸರಿಡುವಂತಿಲ್ಲ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಕಟಿಸಿದ ಗ್ರಂಥವನ್ನು ಆದಿಯಾಗಿಟ್ಟುಕೊಂಡು ಸಸ್ಯನಾಮಕರಣಕ್ಕೆ ಅಂತರರಾಷ್ಟ್ರೀಯ ನಿಯಮಾವಳಿ ಏರ್ಪಟ್ಟಿದೆ. ಮೊದಲು ಆ ಗಿಡ ಈಗಾಗಲೇ ವರ್ಣಿತವಾದ ಯಾವುದಕ್ಕೂ ಸೇರಿದುದಲ್ಲವೆಂದು ಸಿದ್ಧಪಡಿಸಬೇಕು. ಅದಕ್ಕಾಗಿ ಹಳೆಯ ಲೇಖನಗಳನ್ನೂ, ಒಣಗಿಸಿ ಕಾದಿಟ್ಟ ಸಸ್ಯಗಳ ಸಂಗ್ರಹಗಳನ್ನೂ ಶೋಧಿಸಬೇಕು. ಅನಂತರ ಒಂದು ಗಿಡವನ್ನು ಮೂಲಮಾದರಿಯೆಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಇಡಬೇಕು. ಕಿರು ಆರ್ಕಿಡ್‌ಗಳ ಹೂವು ಒಣಗಿದರೆ ರೂಪಗೆಡುವುದರಿಂದ ಅದನ್ನು ಮದ್ಯಸಾರದಲ್ಲಿ ಕಾಪಾಡಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಒಂದೊಂದು ಅಂಗವನ್ನೂ ಅಳೆದು ಚಿತ್ರಿಸುತ್ತಾರೆ. ವರ್ಣನೆ ಲ್ಯಾಟಿನ್ ಭಾಷೆಯಲ್ಲಿಯೇ ಇರಬೇಕೆಂಬ ನಿಯಮ 2011ರ ಕೊನೆಯವರೆಗೂ ಇತ್ತು. 2012ರಿಂದ ಇಂಗ್ಲಿಷಿನಲ್ಲಿಯೂ ಬರೆಯಬಹುದಾಗಿದೆ.

ಇದು ಅವಸರದ ಕೆಲಸವಲ್ಲ. ಪಸ್ತಾಸಾ ಕಣಿವೆಯ ಟೀಗ್ವಿಯಾಗಳಲ್ಲಿ ಇನ್ನೆರಡಕ್ಕೆ ಹೆಸರು ದೊರೆತದ್ದು 2011ರಲ್ಲಿ. ಗಿಡ ಕಣ್ಣಿಗೆ ಬೀಳುವುದಕ್ಕೂ ಅದು ಶಾಸ್ತ್ರದ ಪುಟವನ್ನು ಸೇರುವುದಕ್ಕೂ ನಡುವೆ ಹೀಗೆ ವರ್ಷಗಳೇ ಉರುಳುತ್ತವೆ. ಆ ಅವಧಿಯಲ್ಲಿ ಕಾಡು ಉಳಿದಿರುವುದೆಂಬ ಭರವಸೆ ಎಲ್ಲಿದೆ?

ಈ ಪ್ರಶ್ನೆಗೆ ಈಕ್ವೆಡಾರ್‌ನ ಪಶ್ಚಿಮದಲ್ಲಿರುವ ಸೆಂಟಿನೆಲಾ ಎಂಬ ಬೆಟ್ಟಸಾಲಿನ ಕಥೆ ಬೋಧಪ್ರದವಾಗಿದೆ. ಅಲ್ಲಿ ಕ್ಯಾಲವೇ ಡಾಡ್ಸನ್ ಮತ್ತು ಆಲ್ವಿನ್ ಜೆಂಟ್ರಿ ಎಂಬ ಸಸ್ಯವಿಜ್ಞಾನಿಗಳು ಬೇರೆಲ್ಲಿಯೂ ಕಾಣದ ಹಲವಾರು ಪ್ರಭೇದಗಳನ್ನು ಗುರುತಿಸಿದ್ದರು. ಬೇಸಾಯಕ್ಕಾಗಿ ಆ ಕಾಡು ಕಡಿದುಹೋಯಿತು. ಆ ಗಿಡಗಳೆಲ್ಲ ಭೂಮಿಯಿಂದಲೇ ಅಳಿದುವೆಂದು 1991ರಲ್ಲಿ ಅವರು ಬರೆದರು; ಲೋಕವೆಲ್ಲ ಅದನ್ನು ನಂಬಿ ಮರುಗಿತು. ಆದರೆ 2024ರಲ್ಲಿ ಪ್ರಕಟವಾದ ಪುನರ್ವಿಮರ್ಶೆಯಿಂದ, ಆ ಪ್ರಭೇದಗಳಲ್ಲಿ ಬಹುಪಾಲು ಎಲ್ಲವೂ ಬೇರೆಡೆಗಳಲ್ಲಿಯೂ ದೊರೆತಿವೆಯೆಂದು ತಿಳಿದುಬಂದಿತು. ಅಳಿಯಿತೆಂದುಕೊಂಡದ್ದು ಉಳಿದಿದೆ ಎಂದು ನಮಗೆ ತಿಳಿದದ್ದು ಹೇಗೆ? ಯಾರೋ ಆ ಗಿಡಗಳನ್ನು ಒಣಗಿಸಿ, ಹೆಸರು, ಸ್ಥಳ, ತಾರೀಖುಗಳನ್ನು ಬರೆದಿಟ್ಟಿದ್ದರಿಂದ. ಹೆಸರಿಲ್ಲದ ಗಿಡ ಅಳಿದರೂ ಉಳಿದರೂ ಲೆಕ್ಕಕ್ಕೆ ಬರುವುದಿಲ್ಲ. ಅಪಾಯವಿಲ್ಲವೆಂದು ಈ ಕಥೆಯ ಅರ್ಥವಲ್ಲ. ಸೆಂಟಿನೆಲಾದ ಕಾಡು ಹೋದದ್ದು ನಿಜವೇ. ಒಂದೇ ಶಿಖರದಲ್ಲಿ ಬಾಳುವ ಗಿಡದ ಮಟ್ಟಿಗೆ ಇನ್ನೊಂದು ಮಾತುಂಟು: ಹವೆ ಬಿಸಿಯಾಗಿ ಮೋಡದ ಮಟ್ಟ ಮೇಲೇರಿದರೆ ಗಿಡವೂ ಮೇಲೇರಬೇಕು, ತುದಿಯಲ್ಲಿರುವುದಕ್ಕೆ ಏರಲು ಜಾಗವೆಲ್ಲಿ?

ಜೋಸ್ಟ್ ಮತ್ತು ಅವರ ಸಂಗಡಿಗರು ಇದಕ್ಕೆ ಕಂಡುಕೊಂಡ ದಾರಿ ಗಮನಾರ್ಹವಾಗಿದೆ. ಅವರು ಇಕೋಮಿಂಗಾ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ದಾನಿಗಳ ನೆರವಿನಿಂದ ಕಾಡನ್ನು ಕೊಂಡು, ಊರಿನವರನ್ನೇ ಕಾವಲಿಗೆ ನೇಮಿಸಿ ರಕ್ಷಿಸುತ್ತಿದ್ದಾರೆ. ‘ಮಿಂಗಾ’ ಎಂಬುದು ಆಂಡೀಸಿನ ಮೂಲನಿವಾಸಿಗಳ ನುಡಿ. ಊರಿನ ಹಿತಕ್ಕಾಗಿ ಎಲ್ಲರೂ ಕೂಡಿ ದುಡಿಯುವುದೆಂದು ಅದರ ಅರ್ಥ. ನಮ್ಮ ರೈತರ ಮುಯ್ಯಾಳಿನ ಪದ್ಧತಿಯನ್ನೂ, ಭಕ್ತರ ದುಡಿಮೆ ಮತ್ತು ದಾಸೋಹದಿಂದ ಎದ್ದ ಇಂಥ ವಿದ್ಯಾಸಂಸ್ಥೆಗಳನ್ನೂ ಬಲ್ಲವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. 2011ರಲ್ಲಿ ಹೆಸರು ಪಡೆದ ಎರಡು ಗಿಡಗಳಲ್ಲಿ ಒಂದಾದ ಟೀಗ್ವಿಯಾ ಪ್ಯೂರೋವಾನಾ, ಕಾಡಿನ ರಕ್ಷಣೆಗೆ ಧನಸಹಾಯ ಮಾಡಿದ ಪ್ಯೂರೋ ಎಂಬ ಕಾಫಿ ಸಂಸ್ಥೆಯ ಹೆಸರನ್ನು ಹೊತ್ತಿದೆ. ದಾನಿಯ ಹೆಸರು ಕಲ್ಲಿನ ಮೇಲೆ ನಿಲ್ಲುವುದನ್ನು ನಾವು ಕಂಡಿದ್ದೇವೆ. ಜೀವಂತ ಹೂವೊಂದರ ಮೇಲೂ ಅದು ನಿಲ್ಲಬಲ್ಲದು.

ನಮ್ಮ ಮಲೆಗಳಲ್ಲಿ

ನಮ್ಮ ಪಶ್ಚಿಮ ಘಟ್ಟಗಳಲ್ಲಿ ಟೀಗ್ವಿಯಾ, ಲೆಪಾಂಥಿಸ್‌ಗಳು ಇಲ್ಲ. ಅವು ಅಮೆರಿಕ ಖಂಡದವು. ಆದರೆ ಚಿಕ್ಕಮಗಳೂರು, ಕೊಡಗಿನ ಎತ್ತರದ ಶೋಲಾ ಕಾಡುಗಳಲ್ಲಿ ಮಂಜು, ಹಾವಸೆ, ಅಪ್ಪುಗಿಡಗಳ ಅದೇ ಸಂಬಂಧವುಂಟು. ಒಬೆರೋನಿಯಾ ಎಂಬ ಜಾತಿಯ ಆರ್ಕಿಡ್‌ಗಳು ಇಲ್ಲಿ ಬೀಸಣಿಗೆಯಂತೆ ಹರಡಿದ ಚಪ್ಪಟೆ ಎಲೆಗಳ ನಡುವಿನಿಂದ ತೆನೆಯಂಥ ಗೊಂಚಲನ್ನು ಹೊರಡಿಸುತ್ತವೆ. ಅದರ ಒಂದೊಂದು ಹೂವೂ ಒಂದೆರಡು ಮಿಲಿಮೀಟರಿನದು. ಟೀನಿಯೋಫಿಲಮ್ ಎಂಬುದಕ್ಕಂತೂ ಎಲೆಯೇ ಇಲ್ಲ. ತೊಗಟೆಗೆ ಅಂಟಿದ ಹಸುರು ಬೇರುಗಳೇ ಅದಕ್ಕೆ ಅನ್ನ ಬೇಯಿಸುತ್ತವೆ.

ಕಾಫಿ ತೋಟಗಳಲ್ಲಿ ಮರಗಸಿ ಮಾಡಿದಾಗ ನೆಲಕ್ಕೆ ಬೀಳುವ ಕೊಂಬೆಗಳ ಮೇಲೆ ಇಂಥ ಗಿಡಗಳು ಇರುವುದುಂಟು. ಕಾಡಿನ ಗಿಡವನ್ನು ಕಿತ್ತು ತರುವುದು ತಪ್ಪು. ಆದರೆ ಬಿದ್ದ ಕೊಂಬೆಯನ್ನು ಸೌದೆಯ ರಾಶಿಗೆ ಸೇರಿಸುವ ಮೊದಲು ಒಂದು ಭೂತಗನ್ನಡಿಯೊಡನೆ ಅದರ ಮುಂದೆ ಕುಳಿತುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಕಂಡ ಗಿಡದ ಚಿತ್ರ, ಮರದ ಹೆಸರು, ಊರು, ತಾರೀಖು ಇಷ್ಟನ್ನು ಬರೆದಿಟ್ಟರೆ ಸಾಕು. ಮಲೆನಾಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದಕ್ಕೆ ಸ್ಥಳವನ್ನೂ, ದಾನಿಗಳು ಒಂದೆರಡು ಸೂಕ್ಷ್ಮದರ್ಶಕಗಳನ್ನೂ, ಅಧ್ಯಾಪಕರು ತಮ್ಮ ಒಂದು ದಿನವನ್ನೂ ಕೊಟ್ಟರೆ ಮಕ್ಕಳು ಉಳಿದುದನ್ನು ನಡೆಸಿಯಾರು. ಪಸ್ತಾಸಾ ಕಣಿವೆಯ ಬೆಟ್ಟಗಳನ್ನು ಗುರುವಿನೊಡನೆ ಏರಿ ಹೊಸ ಹೂಗಳನ್ನು ಕಂಡವರು ವಿದ್ಯಾರ್ಥಿಗಳೇ ಆಗಿದ್ದರೆಂಬುದನ್ನು ನಾವು ಮರೆಯಬಾರದು.