ಮೂತ್ರಪಿಂಡದ ಕಾಯಿಲೆಯಲ್ಲಿ ಜೀನ್ ಪರೀಕ್ಷೆ

ಮೂತ್ರಪಿಂಡಗಳಿಗೆ ಆದ ಹಾನಿ ಅಥವಾ ಅವುಗಳ ಕೆಲಸದಲ್ಲಿನ ಕುಸಿತ ಮೂರು ತಿಂಗಳಿಗೂ ಹೆಚ್ಚು ಕಾಲ ಮುಂದುವರಿದರೆ ಅದನ್ನು ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡಗಳೇ ಇದಕ್ಕೆ ಮುಖ್ಯ ಕಾರಣಗಳಾದರೂ, ಕಾರಣವೇನೆಂದು ತಿಳಿಯದೆಯೇ ಡಯಾಲಿಸಿಸ್‌ನ ಹಂತಕ್ಕೆ ಬಂದು ಮುಟ್ಟುವವರೂ ಇದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 3,000ಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 9ರಷ್ಟು ಮಂದಿಗೆ, ಕಾರಣ ತಿಳಿಯದಿದ್ದವರ ಪೈಕಿಯಂತೂ ಸುಮಾರು ಶೇ 17ರಷ್ಟು ಮಂದಿಗೆ, ಒಂದೇ ಜೀನ್‌ನ ದೋಷದಿಂದ ಕಾಯಿಲೆ ಬಂದಿರುವುದು ಕಂಡುಬಂತು.

ಈ ತಿಳಿವಳಿಕೆ ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಪ್ರೈಮರಿ ಹೈಪರಾಕ್ಸಲೂರಿಯಾದ ಮೊದಲ ಬಗೆ ಒಳ್ಳೆಯ ನಿದರ್ಶನ. ಎಜಿಎಕ್ಸ್‌ಟಿ ಎಂಬ ಜೀನ್ ಕೆಟ್ಟಾಗ ಯಕೃತ್ತಿನ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡದೆ ಆಕ್ಸಲೇಟ್ ಅತಿಯಾಗಿ ಉತ್ಪತ್ತಿಯಾಗುತ್ತದೆ. ಅದು ಕ್ಯಾಲ್ಸಿಯಂನೊಡನೆ ಸೇರಿ ಹರಳುಗಟ್ಟಿ ಮೂತ್ರಪಿಂಡವನ್ನು ಹಾಳುಗೆಡವುತ್ತದೆ. ಮತ್ತೆ ಮತ್ತೆ ಕಾಣಿಸಿಕೊಳ್ಳುವ ಕಲ್ಲುಗಳನ್ನು ಸಾಮಾನ್ಯ ಕಲ್ಲುಗಳೆಂದೇ ಭಾವಿಸಿ, ಕೊನೆಗೆ ಮೂತ್ರಪಿಂಡವನ್ನಷ್ಟೇ ಕಸಿ ಮಾಡಿದರೆ, ದೋಷವಿರುವ ಯಕೃತ್ತು ಹಾಗೆಯೇ ಉಳಿದಿರುವುದರಿಂದ ಹೊಸ ಮೂತ್ರಪಿಂಡದಲ್ಲೂ ಅದೇ ಹರಳುಗಳು ತುಂಬಿಕೊಳ್ಳುತ್ತವೆ. ಒಬ್ಬರು ದಾನವಾಗಿ ಕೊಟ್ಟ ಅಂಗ ಹೀಗೆ ವ್ಯರ್ಥವಾಗುವುದು ನಿಜಕ್ಕೂ ದುಃಖದ ಸಂಗತಿ. ಆದ್ದರಿಂದಲೇ ಇಂಥ ರೋಗಿಗಳಿಗೆ ಯಕೃತ್ತನ್ನೂ ಸೇರಿಸಿ ಕಸಿ ಮಾಡುವ ಪದ್ಧತಿ ಬಂತು. ಆಕ್ಸಲೇಟ್ ತಯಾರಾಗುವ ಹಾದಿಯಲ್ಲಿನ ಇನ್ನೊಂದು ಕಿಣ್ವದ ಉತ್ಪಾದನೆಯನ್ನು ತಗ್ಗಿಸುವ ಲುಮಾಸಿರಾನ್ ಚುಚ್ಚುಮದ್ದಿಗೆ 2020ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಅನುಮತಿ ದೊರೆಯಿತು. ಜೀನ್‌ನಲ್ಲಿ ಕೆಲವು ನಿರ್ದಿಷ್ಟ ಬದಲಾವಣೆಗಳಿದ್ದವರಿಗೆ ಬಿ6 ಜೀವಸತ್ವದ ಮಾತ್ರೆಯೂ ಗುಣ ಕೊಡುತ್ತದೆ.

ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದಿಕೊಳ್ಳುವ ನೆಫ್ರೋಟಿಕ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಸ್ಟಿರಾಯ್ಡ್ ನಾಟುವುದಿಲ್ಲ. ಅವರಲ್ಲಿ ಪೋಡೋಸಿನ್‌ನಂಥ ಪ್ರೋಟೀನಿನ ಜೀನ್ ಕೆಟ್ಟಿದೆಯೆಂದು ಗೊತ್ತಾದರೆ, ಪ್ರಯೋಜನವಿಲ್ಲದ ಔಷಧಿಯ ಅಡ್ಡಪರಿಣಾಮಗಳನ್ನು ಆ ಮಗು ಅನುಭವಿಸಬೇಕಾಗುವುದಿಲ್ಲ. ಮೇಲಿನ ಎರಡೂ ಉದಾಹರಣೆಗಳಲ್ಲಿ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದಾಗ ಕಾಯಿಲೆ ಕಾಣಿಸಿಕೊಳ್ಳುವುದರಿಂದ, ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ರೂಢಿಯಿರುವ ಕರ್ನಾಟಕದ ಕುಟುಂಬಗಳಲ್ಲಿ ಈ ಪರೀಕ್ಷೆಗೆ ಹೆಚ್ಚಿನ ಮಹತ್ವವಿದೆ.

ದಾನಿಯ ಆಯ್ಕೆಯಲ್ಲೂ ಇದು ನೆರವಾಗುತ್ತದೆ. ಮೂತ್ರಪಿಂಡಗಳ ತುಂಬ ನೀರುಗುಳ್ಳೆಗಳು ಬೆಳೆಯುವ ಪಾಲಿಸಿಸ್ಟಿಕ್ ಕಾಯಿಲೆಯ ಪ್ರಬಲ ಬಗೆಯಲ್ಲಿ, ಕಾಯಿಲೆಯಿರುವವರ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟಿದ್ದು, ಚಿಕ್ಕ ವಯಸ್ಸಿನಲ್ಲಿ ಗುಳ್ಳೆಗಳು ಸ್ಕ್ಯಾನಿನಲ್ಲಿ ಕಾಣದೇ ಇರಬಹುದು. ಕುಟುಂಬದಲ್ಲಿರುವ ದೋಷ ಯಾವುದೆಂದು ಮೊದಲೇ ಗೊತ್ತಿದ್ದರೆ, ತಂದೆಗೆ ಮೂತ್ರಪಿಂಡ ಕೊಡಲು ಮುಂದಾದ ಮಗಳಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ರಕ್ತದ ಒಂದು ಮಾದರಿಯಿಂದ ತಿಳಿದು, ಇಲ್ಲದಿದ್ದರೆ ಆಕೆಯ ದಾನ ಆಕೆಗೆ ಕೇಡಾಗದೆಂಬ ಭರವಸೆಯೊಡನೆ ವೈದ್ಯರು ಮುಂದುವರಿಯಬಹುದು.