ಓಣಿ ರಸ್ತೆಯಲ್ಲಿ ನಡೆಯುವವರಿಗೆ ಎಷ್ಟು ಜಾಗ?

ಕಾಸರಗೋಡು: ಗಡಿನಾಡಿನ ಒಳರಸ್ತೆಗಳಲ್ಲಿ ಹೆಚ್ಚಿನವು ಹಳೆಯ ಓಣಿಗಳೇ. ಎರಡೂ ಬದಿಯಲ್ಲಿ ಕೆಂಪುಕಲ್ಲಿನ ಆವರಣ ಗೋಡೆ, ನಡುವೆ ಒಂದು ಕಾಲದಲ್ಲಿ ತಲೆಹೊರೆಯವರೂ ದನಗಳೂ ನಡೆದ ದಾರಿ. ಅದರ ಮೇಲೆ ಡಾಮರು ಬಿತ್ತು, ಆಮೇಲೆ ಕಾಂಕ್ರೀಟು ಬಿತ್ತು, ಅಗಲ ಮಾತ್ರ ಹಲವೆಡೆ ಮೂರು ಮೀಟರಿನ ಆಸುಪಾಸಿನಲ್ಲೇ ಉಳಿಯಿತು. ಈಗ ಇದೇ ದಾರಿಯಲ್ಲಿ ರಿಕ್ಷಾ, ಕಾರು, ಶಾಲಾ ವಾಹನ, ಕಲ್ಲು ತುಂಬಿದ ಟಿಪ್ಪರ್ ಎರಡೂ ದಿಕ್ಕಿಗೆ ಓಡುತ್ತವೆ. ಶಾಲೆಗೆ, ಮದ್ರಸಕ್ಕೆ ಹೋಗುವ ಮಕ್ಕಳೂ ರೇಶನ್ ಅಂಗಡಿಗೆ ಹೊರಟ ಹಿರಿಯರೂ ನಡೆಯಬೇಕಾದುದು ಇಲ್ಲಿಯೇ.

ಲೆಕ್ಕ ಹಾಕಿದರೆ ಅಪಾಯ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಒಂದು ರಿಕ್ಷಾದ ಅಗಲ ಸುಮಾರು 1.3 ಮೀಟರ್, ಸಣ್ಣ ಕಾರಿನದು ಕನ್ನಡಿ ಬಿಟ್ಟು ಸುಮಾರು 1.5 ಮೀಟರ್. ಇವೆರಡು ಎದುರುಬದುರಾದರೆ ಮೂರು ಮೀಟರಿನಲ್ಲಿ ಉಳಿಯುವುದು ಒಂದು ಗೇಣು. ಎರಡು ಕಾರುಗಳಾದರೆ ಅದೂ ಇಲ್ಲ, ಒಂದು ಕಾರು ರಸ್ತೆಯಂಚಿಗೆ ಇಳಿಯಲೇಬೇಕು. ನಡೆಯುವವನು ಆ ಹೊತ್ತಿಗೆ ನಿಂತಿರುವುದೂ ಅದೇ ಅಂಚಿನಲ್ಲಿ. ವಾಹನ ಒಂದೇ ಬಂದರೆ ಅಷ್ಟೇನೂ ಭಯವಿಲ್ಲ. ಎರಡು ವಾಹನಗಳು ಪರಸ್ಪರ ದಾಟುವ ಆ ಕೆಲವು ಸೆಕೆಂಡುಗಳಲ್ಲಿ ಚಾಲಕರ ಕಣ್ಣು ಒಬ್ಬರ ಕನ್ನಡಿಯ ಮೇಲೊಬ್ಬರದಿರುತ್ತದೆ, ಗೋಡೆಗೆ ಒರಗಿ ನಿಂತ ಮಗುವಿನ ಮೇಲಲ್ಲ.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಪಾದಚಾರಿಗಳಿಗೆ ಸರಿಯಾದ ಕಾಲುದಾರಿ ಇರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಒಳ್ಳೆಯ ಮಾತೇ. ಆದರೆ ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಕಾಲುದಾರಿಗೆ ಕನಿಷ್ಠ 1.8 ಮೀಟರ್ ಬೇಕು. ಮೂರು ಮೀಟರಿನ ಓಣಿಯಲ್ಲಿ ಅದನ್ನು ಎಲ್ಲಿಂದ ತರುವುದು? ಗೋಡೆ ಕೆಡವಿ ಅಗಲ ಮಾಡೋಣ ಎಂಬುದು ಮೊದಲು ಕೇಳಿಬರುವ ಸಲಹೆ. ಮನೆಯವರು ಜಾಗ ಬಿಟ್ಟುಕೊಟ್ಟು ರಸ್ತೆ ಅಗಲವಾದಲ್ಲಿ ವಾಹನಗಳ ವೇಗವೂ ಹೆಚ್ಚುತ್ತದೆ, ಕಾಲುದಾರಿ ಮಾತ್ರ ಬರುವುದಿಲ್ಲ. ಹಾಗಾಗಿ ಇಂಥ ಕಡೆ ಉಳಿದಿರುವ ದಾರಿ ವೇಗ ತಗ್ಗಿಸುವುದೊಂದೇ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ಕಾರು, ಚಾಲಕನ ಕಣ್ಣಿಗೆ ಮಗು ಬಿದ್ದ ಮೇಲೆ ಬ್ರೇಕ್ ಒತ್ತುವ ಒಂದು ಸೆಕೆಂಡಿನಲ್ಲಿಯೇ 14 ಮೀಟರ್ ಮುಂದೆ ಹೋಗಿರುತ್ತದೆ, ಪೂರ್ತಿ ನಿಲ್ಲಲು ಸುಮಾರು 28 ಮೀಟರ್ ಬೇಕು. 30 ಕಿ.ಮೀ. ವೇಗದಲ್ಲಿದ್ದರೆ 13 ಮೀಟರಿನೊಳಗೆ ನಿಲ್ಲುತ್ತದೆ. ಇದು ಒಣ ರಸ್ತೆಯ ಲೆಕ್ಕ, ಆಟಿಯ ಮಳೆಯಲ್ಲಿ ಇನ್ನೂ ಹೆಚ್ಚು. ಹದಿನೈದು ಮೀಟರ್ ಮಾತ್ರ ಕಾಣುವ ಗೋಡೆ ತಿರುವಿನಲ್ಲಿ ಮಗು ಉಳಿಯುವುದೂ ಉಳಿಯದಿರುವುದೂ ಈ ವ್ಯತ್ಯಾಸದ ಮೇಲೆ ನಿಂತಿದೆ. ಜನರೂ ವಾಹನಗಳೂ ಬೆರೆಯುವ ಕಡೆ 30 ಕಿ.ಮೀ. ಮಿತಿ ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ. ಸ್ಪೇನ್ ದೇಶ 2021ರಲ್ಲಿ, ಕಾಲುದಾರಿಯೂ ರಸ್ತೆಯೂ ಒಂದೇ ಮಟ್ಟದಲ್ಲಿರುವ ಬೀದಿಗಳಿಗೆ 20 ಕಿ.ಮೀ. ಎಂದು ನಿಗದಿಪಡಿಸಿತು. ನಮ್ಮ ಓಣಿಗಳಿಗೆ ಹೊಂದುವುದು ಈ ಇಪ್ಪತ್ತೇ.

ನಡೆಯುವವರು ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಬೇಕೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಸರಿ. ಆದರೆ ಓಣಿ ಬಲಕ್ಕೆ ತಿರುಗುವಲ್ಲಿ ಬಲಬದಿಯ ಗೋಡೆಯೇ ಮರೆಯಾಗುತ್ತದೆ, ಎದುರಿನ ವಾಹನವೂ ಅದೇ ಗೋಡೆಗೆ ಒತ್ತಿಕೊಂಡು ಬರುತ್ತದೆ. ಅಂಥಲ್ಲಿ ತಿರುವಿಗೆ ಮೊದಲೇ ಎಡಬದಿಗೆ ದಾಟಿ, ತಿರುವು ಕಳೆದ ಮೇಲೆ ಮತ್ತೆ ಬಲಕ್ಕೆ ಬರುವುದು ಕ್ಷೇಮ. ಮಳೆಗೆ ಕೊಡೆ ಮುಂದಕ್ಕೆ ಬಾಗಿಸಿದರೆ ಎದುರಿನದು ಏನೂ ಕಾಣದು. ಎಲೆಕ್ಟ್ರಿಕ್ ಸ್ಕೂಟರಿನ ಸದ್ದೂ ಕೇಳದು. ರಾತ್ರಿ ಕೈಯಲ್ಲೊಂದು ಟಾರ್ಚ್ ಇರುವುದು ದಾರಿ ನೋಡುವುದಕ್ಕಿಂತ ಹೆಚ್ಚಾಗಿ ಚಾಲಕನಿಗೆ ಕಾಣಿಸಿಕೊಳ್ಳುವುದಕ್ಕೆ.

ಈ ಓಣಿಗಳಲ್ಲಿ ಸ್ಕೂಟರ್ ಓಡಿಸುವ ಹೈಸ್ಕೂಲು ಹುಡುಗರೂ ಕಡಿಮೆಯಿಲ್ಲ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸಜೆಯೂ ಇದೆ.

ರಸ್ತೆಯ ಕೆಲಸದಲ್ಲೂ ಸಣ್ಣ ಸಂಗತಿಗಳೇ ಮುಖ್ಯ. ಕಾಂಕ್ರೀಟು ಹಾಕಿದ ಮೇಲೆ ಅಂಚಿಗೆ ಮಣ್ಣು ತುಂಬಿಸದೆ ಬಿಟ್ಟರೆ ಅರ್ಧ ಅಡಿಯ ಇಳಿತ ಉಳಿಯುತ್ತದೆ. ಬದಿಗೆ ಸರಿಯಲು ಹೋದ ಮುದುಕರ ಕಾಲು ಉಳುಕುವುದು ಅಲ್ಲಿಯೇ. ಚರಂಡಿಗೆ ಗಟ್ಟಿ ಚಪ್ಪಡಿ ಮುಚ್ಚಿದರೆ ನಡೆಯಲು ಎರಡಡಿ ಜಾಗ ತಾನಾಗಿ ಸಿಗುತ್ತದೆ. ತಿರುವಿಗೊಂದು ಉಬ್ಬುಗನ್ನಡಿಗೆ ದೊಡ್ಡ ಖರ್ಚಿಲ್ಲ. ಊರವರೇ ರಾತ್ರಿ ಸಿಮೆಂಟು ಸುರಿದು ಮಾಡುವ ಹಂಪು ಬೈಕಿನವರನ್ನು ಬೀಳಿಸುತ್ತದೆ. ನಿಯಮದ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಉದ್ದದ್ದು. 25 ಕಿ.ಮೀ. ವೇಗದಲ್ಲಿ ಅದನ್ನು ದಾಟಬಹುದು.

ಇದನ್ನೆಲ್ಲ ಕೇಳಬೇಕಾದ ಜಾಗ ವಾರ್ಡಿನ ಗ್ರಾಮಸಭೆ. ಕೇರಳದಲ್ಲಿ ಅದು ಮೂರು ತಿಂಗಳಿಗೊಮ್ಮೆ ಸೇರಬೇಕು. ರಸ್ತೆ ಪಂಚಾಯತಿನದೋ ಲೋಕೋಪಯೋಗಿ ಇಲಾಖೆಯದೋ ಎಂದು ಮೊದಲು ತಿಳಿದುಕೊಂಡರೆ ಅರ್ಜಿ ಅಲೆಯುವುದಿಲ್ಲ. ಅರ್ಜಿಯನ್ನು ಮಲಯಾಳದಲ್ಲೇ ಬರೆಯಬೇಕೆಂದಿಲ್ಲ. ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಭಾಷಾ ಕಾಯ್ದೆಯಲ್ಲಿದೆ. ‘ನಿಧಾನವಾಗಿ ಚಲಿಸಿ’ ಎಂಬ ಫಲಕವೂ ಎರಡು ಭಾಷೆಗಳಲ್ಲಿರಲಿ ಎಂದು ಅದೇ ಅರ್ಜಿಯಲ್ಲಿ ಸೇರಿಸಬಹುದು.