ನಾಗಪುರದ ಹಿತ್ತಲಿನಿಂದ ಚಂದ್ರಬಿಂಬ

ಆಶ್ವಯುಜ ಮಾಸದ ಹುಣ್ಣಿಮೆಯನ್ನು ನಮ್ಮ ನಾಡಿನಲ್ಲಿ ಶೀಗಿ ಹುಣ್ಣಿಮೆಯೆಂದು ಕರೆಯುವರು. ಅದೇ ರಾತ್ರಿ ನಾಗಪುರದ ಮನೆಗಳಲ್ಲಿ ಕೋಜಾಗಿರಿ. ಅಂಗಳದಲ್ಲೋ ಮಾಳಿಗೆಯ ಮೇಲೋ ಹಾಲು ಕಾಯಿಸಿ, ಅದರಲ್ಲಿ ಚಂದ್ರನ ಬಿಂಬವನ್ನು ಕಂಡು ಕುಡಿಯುವುದು ಇಲ್ಲಿಯ ಸಂಪ್ರದಾಯ. ಈಗ ಹಾಲಿನ ಬಟ್ಟಲಿನ ಜೊತೆಗೆ ಎಲ್ಲರ ಕೈಯಲ್ಲೂ ಮೊಬೈಲ್ ಫೋನು ಇರುತ್ತದೆ. ಹಿರಿಯರು ಕಿರಿಯರೆನ್ನದೆ ಎಲ್ಲರೂ ಅದನ್ನು ಚಂದ್ರನತ್ತ ಎತ್ತಿ ಹಿಡಿಯುತ್ತಾರೆ. ಮೂಡಿದ ಚಿತ್ರವನ್ನು ಕಂಡು ಬಹುತೇಕರು ಸಪ್ಪೆ ಮುಖ ಮಾಡುತ್ತಾರೆ. ಕಣ್ಣಿಗೆ ಅಷ್ಟು ಚೆಲುವಾಗಿ ತೋರಿದ ಚಂದ್ರ ಚಿತ್ರದಲ್ಲಿ ಒಂದು ಬಿಳಿಯ ಬೊಟ್ಟು ಮಾತ್ರ!

ಈ ನಿರಾಶೆಗೆ ಕಾರಣವೇನು, ಇದಕ್ಕೆ ಪರಿಹಾರವುಂಟೆ ಎಂಬುದನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಇದಕ್ಕೆ ನಾಗಪುರಕ್ಕೇ ಸಂಬಂಧಪಟ್ಟ ಒಂದು ಸ್ವಾರಸ್ಯವೂ ಸೇರಿಕೊಂಡಿದೆ.

ಕಿರಿಯ ಬಿಂಬ, ಹಿರಿಯ ಬೆಳಕು

ಮೊದಲನೆಯ ಕಾರಣ ಗಾತ್ರ. ಚಂದ್ರ ನಮಗೆ ಸರಾಸರಿ ೩,೮೪,೪೦೦ ಕಿಲೋಮೀಟರು ದೂರದಲ್ಲಿದ್ದಾನೆ. ಆಕಾಶದಲ್ಲಿ ಅವನ ಅಗಲ ಕೇವಲ ಅರ್ಧ ಡಿಗ್ರಿ. ಕೈಯನ್ನು ಪೂರ್ತಿ ಚಾಚಿ ಕಿರುಬೆರಳನ್ನು ಅಡ್ಡ ಹಿಡಿದರೆ ಇಡೀ ಚಂದ್ರ ಅದರ ಹಿಂದೆ ಅಡಗಿಹೋಗುತ್ತಾನೆ. ಮಸೂರದ ಸಂಗಮದೂರವನ್ನು ಸುಮಾರು ೧೧೦ರಿಂದ ಭಾಗಿಸಿದರೆ ಕ್ಯಾಮರಾದೊಳಗೆ ಬೀಳುವ ಬಿಂಬದ ಅಗಲ ದೊರೆಯುತ್ತದೆ. ೫೦ ಮಿಲಿಮೀಟರಿನ ಸಾಮಾನ್ಯ ಮಸೂರದಲ್ಲಿ ಅದು ಅರ್ಧ ಮಿಲಿಮೀಟರಿಗೂ ಕಡಮೆ. ೧೦೦೦ ಮಿಲಿಮೀಟರಿನ ಮಸೂರವಾದರೆ ೯ ಮಿಲಿಮೀಟರು. ಆದುದರಿಂದ ಉದ್ದ ಮಸೂರವಾದರೂ ಬೇಕು, ಇಲ್ಲವೆ ಸಣ್ಣದೊಂದು ದೂರದರ್ಶಕದ ಕಣ್ಣಿಗೆ ಫೋನನ್ನು ಅಲುಗದಂತೆ ಜೋಡಿಸಬೇಕು.

ಎರಡನೆಯ ಕಾರಣ ಬೆಳಕು. ರಾತ್ರಿಯಾಯಿತೆಂದು ಬಗೆದ ಯಂತ್ರ ತನ್ನ ಕಣ್ಣನ್ನು ಬಹಳ ಹೊತ್ತು ತೆರೆದಿಡುತ್ತದೆ. ಕತ್ತಲೆ ಇರುವುದು ನಮ್ಮ ಹಿತ್ತಲಿನಲ್ಲಿಯೇ ಹೊರತು ಚಂದ್ರನ ಮೇಲಲ್ಲ. ಅಲ್ಲಿ ಹಗಲು, ಬಂಡೆಯ ನೆಲದ ಮೇಲೆ ಸೂರ್ಯನ ಬಿಸಿಲು ನೇರವಾಗಿ ಬಿದ್ದಿರುತ್ತದೆ. ಹಾಲಿನಂತೆ ಬೆಳ್ಳಗೆಂದು ನಾವು ಹಾಡಿ ಹೊಗಳುವ ಆ ನೆಲ ನಿಜವಾಗಿ ಸವೆದ ಡಾಂಬರು ರಸ್ತೆಯಷ್ಟು ಮಂಕಾದದ್ದು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅದು ಹಿಂದಿರುಗಿಸುವುದು ನೂರಕ್ಕೆ ಸುಮಾರು ೧೨ ಪಾಲು ಮಾತ್ರ. ಸುತ್ತಲಿನ ಕತ್ತಲೆಯ ದೆಸೆಯಿಂದ ಅದು ನಮಗೆ ಬೆಳ್ಳಿಯಂತೆ ಹೊಳೆಯುತ್ತದೆ.

ಹಗಲಿನ ಚಿತ್ರ ತೆಗೆಯುವಂತೆಯೇ ಚಂದ್ರನ ಚಿತ್ರವನ್ನೂ ತೆಗೆಯಬೇಕು. ಹುಣ್ಣಿಮೆಯ ಚಂದ್ರನಿಗೆ ಛಾಯಾಗ್ರಾಹಕರ ಹಳೆಯ ಸೂತ್ರವೊಂದಿದೆ: ದ್ವಾರ ಎಫ್/೧೧, ಸಂವೇದನೆ ಐಎಸ್‌ಒ ೧೦೦, ಕಾಲ ಸೆಕೆಂಡಿನ ೧/೧೦೦. ತ್ರಯೋದಶಿಯ ಸುಮಾರಿಗೆ ಇದರ ಇಮ್ಮಡಿ, ಅರ್ಧಚಂದ್ರನಿಗೆ ನಾಲ್ಮಡಿ ಕಾಲ ಕೊಟ್ಟರೆ ಸಾಕು. ೧೮೪೦ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಬೆಳ್ಳಿಯ ಲೇಪದ ಫಲಕದ ಮೇಲೆ ಚಂದ್ರನನ್ನು ಸೆರೆಹಿಡಿಯಲು ೨೦ ನಿಮಿಷ ಕಾಯಬೇಕಾಗಿತ್ತು. ನಮಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಪಂಚಾಂಗವೇ ಕೈಪಿಡಿ

ಇಷ್ಟಾದರೂ ಹುಣ್ಣಿಮೆಯ ಚಿತ್ರ ಚಪ್ಪಟೆಯಾಗಿಯೇ ಕಾಣುತ್ತದೆ. ಆಗ ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ಬಂದು ಚಂದ್ರನ ಮುಖಕ್ಕೆ ನೇರವಾಗಿ ಬೀಳುವುದರಿಂದ ಬೆಟ್ಟಕ್ಕೂ ಹಳ್ಳಕ್ಕೂ ನೆರಳೇ ಇರುವುದಿಲ್ಲ. ಕುಳಿಗಳ ಆಳ ತಿಳಿಯಬೇಕಾದರೆ ಬೆಳಕು ಕತ್ತಲೆಗಳ ಗಡಿಗೆರೆಯ ಬಳಿ ನೋಡಬೇಕು. ಅಲ್ಲಿ ಆಗತಾನೆ ಸೂರ್ಯೋದಯ. ಬೆಟ್ಟಗಳ ನೆರಳು ಮೈಲಿಗಟ್ಟಲೆ ಚಾಚಿರುತ್ತದೆ.

ಈ ಗಡಿಗೆರೆ ದಿನದಿನಕ್ಕೂ ಸರಿಯುತ್ತದೆ. ಎಲ್ಲಿಗೆ ಸರಿದಿದೆಯೆಂಬುದನ್ನು ಅರಿಯಲು ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗವೇ ಸಾಕು. ತಿಥಿಯೆಂದರೆ ಸೂರ್ಯನಿಂದ ಚಂದ್ರ ೧೨ ಡಿಗ್ರಿ ಮುಂದೆ ಸಾಗುವ ಅವಧಿಯಲ್ಲವೆ? ಹಾಗಾಗಿ ಪ್ರತಿಯೊಂದು ಶುಕ್ಲ ತಿಥಿಗೂ ಚಂದ್ರನ ಮೇಲೆ ಒಂದೊಂದು ಪ್ರದೇಶದಲ್ಲಿ ಬೆಳಗಾಗುತ್ತದೆ. ಷಷ್ಠಿಯಂದು ಥಿಯೋಫಿಲಸ್ ಕುಳಿ, ನವಮಿಯಂದು ದಕ್ಷಿಣದ ಟೈಕೊ, ದಶಮಿಯಂದು ೯೩ ಕಿಲೋಮೀಟರು ಅಗಲದ ಕೋಪರ್ನಿಕಸ್, ದ್ವಾದಶಿಯಂದು ಅರಿಸ್ಟಾರ್ಕಸ್. ಚಂದ್ರ ತನ್ನ ಮುಖವನ್ನು ಕೊಂಚ ಅತ್ತಿತ್ತ ತೂಗುವುದರಿಂದ ಅರ್ಧ ದಿನದ ಹೆಚ್ಚುಕಡಮೆ ಆಗಬಹುದು. ಅಜ್ಜಂದಿರು ವ್ರತ ಉಪವಾಸಗಳಿಗಾಗಿ ತಿರುವುತ್ತಿದ್ದ ಹಾಳೆಗಳು ಹೀಗೆ ಛಾಯಾಗ್ರಾಹಕನ ಕೈಪಿಡಿಯೂ ಆಗುತ್ತವೆ.

ನಾಗಪುರದ ಅಧಿಕಾರಿಯ ಹೆಸರಿನ ಕುಳಿ

ಈ ಸಾಲಿನಲ್ಲಿ ತ್ರಯೋದಶಿಯನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ. ೧೯೧೦ರಲ್ಲಿ ರಂಗೂನಿನಿಂದ ಹಣಕಾಸು ಇಲಾಖೆಯ ತರುಣ ಅಧಿಕಾರಿಯೊಬ್ಬರು ನಾಗಪುರಕ್ಕೆ ವರ್ಗವಾಗಿ ಬಂದರು. ವರ್ಷ ತುಂಬುವುದರೊಳಗೆ, ೧೯೧೧ರಲ್ಲಿ, ಅವರಿಗೆ ಮರಳಿ ಕಲ್ಕತ್ತೆಗೆ ವರ್ಗವಾಯಿತು. ಅವರೇ ಚಂದ್ರಶೇಖರ ವೆಂಕಟರಾಮನ್. ೧೯೨೮ರಲ್ಲಿ ಬೆಳಕಿನ ಚದರಿಕೆಯ ರಹಸ್ಯವನ್ನು ಕಂಡುಹಿಡಿದು, ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅವರು ೧೯೩೩ರಲ್ಲಿ ಬೆಂಗಳೂರಿಗೆ ಬಂದು, ೧೯೭೦ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯವರೇ ಆಗಿದ್ದರು. ನಾಗಪುರವೂ ಅವರನ್ನು ಮರೆತಿಲ್ಲ. ೧೯೯೨ರಲ್ಲಿ ಇಲ್ಲಿ ಆರಂಭವಾದ ವಿಜ್ಞಾನ ಕೇಂದ್ರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಚಂದ್ರನ ಮೇಲೂ ರಾಮನ್ ಅವರ ಹೆಸರಿನ ಕುಳಿಯೊಂದಿದೆ. ಹಿಂದೆ 'ಹೆರೊಡೊಟಸ್ ಡಿ' ಎಂದು ಕರೆಯಲ್ಪಡುತ್ತಿದ್ದ ಅದು ಸುಮಾರು ೧೦ ಕಿಲೋಮೀಟರು ಅಗಲದ್ದು. ಉತ್ತರವನ್ನು ಮೇಲಕ್ಕಿಟ್ಟ ಚಿತ್ರದಲ್ಲಿ ಎಡಬದಿಯ ಮೇಲ್ಭಾಗದಲ್ಲಿ ಎದ್ದು ಹೊಳೆಯುವ ಅರಿಸ್ಟಾರ್ಕಸ್ ಕುಳಿಯೇ ದಾರಿಗುರುತು. ಅಲ್ಲಿಂದ ಇನ್ನೂ ಎಡಕ್ಕೆ, ತುಸು ಮೇಲಕ್ಕೆ ಸರಿದರೆ ರಾಮನ್ ಕುಳಿಯ ನೆಲೆ. ಅಲ್ಲಿ ಸೂರ್ಯೋದಯವಾಗುವುದು ಶುಕ್ಲ ತ್ರಯೋದಶಿಯ ಸುಮಾರಿಗೆ.

ಇದನ್ನು ಹಿಡಿಯುವುದು ಸುಲಭವಲ್ಲ. ಚಂದ್ರನ ಚಿತ್ರವನ್ನು ಒಂದು ಅಡಿ ಅಗಲಕ್ಕೆ ಹಿಗ್ಗಿಸಿದರೂ ಈ ಕುಳಿ ಒಂದು ಮಿಲಿಮೀಟರನ್ನು ಮುಟ್ಟುವುದಿಲ್ಲ. ಬಿಂಬದ ಅಂಚಿನತ್ತ ಇರುವುದರಿಂದ ದುಂಡಗಿನ ಕುಳಿ ಮೊಟ್ಟೆಯಂತೆ ತೋರುತ್ತದೆ. ನಾಲ್ಕು ಅಂಗುಲದ ದೂರದರ್ಶಕಕ್ಕೆ ಇದು ಎಟುಕದ ವಸ್ತುವಲ್ಲ. ಆದರೆ ಗಾಳಿ ಒಪ್ಪಬೇಕು.

ಗಾಳಿಯ ಅನುಗ್ರಹ

ಊರಿನ ದೀಪಗಳ ಬೆಳಕು ನಕ್ಷತ್ರಗಳನ್ನು ನುಂಗುತ್ತದೆಯೇ ಹೊರತು ಚಂದ್ರನಿಗೆ ಕೇಡು ಮಾಡದು. ನಾಗಪುರದಲ್ಲಿ ಚಂದ್ರನ ವೈರಿ ಕಾವು. ಮೇ ತಿಂಗಳಲ್ಲಿ ಇಲ್ಲಿಯ ಉಷ್ಣತೆ ೪೫ ಡಿಗ್ರಿಯನ್ನು ದಾಟುವುದುಂಟು. ಹಗಲೆಲ್ಲ ಕಾದ ಕಾಂಕ್ರೀಟು ಮಾಳಿಗೆ ನಡುರಾತ್ರಿಯವರೆಗೂ ಬಿಸಿಯನ್ನು ಉಗುಳುತ್ತಿರುತ್ತದೆ. ಆ ಬಿಸಿಗಾಳಿಯ ಮೂಲಕ ನೋಡಿದರೆ ಚಂದ್ರನ ಅಂಚು ಹರಿಯುವ ನೀರಿನ ತಳದ ಕಲ್ಲಿನಂತೆ ನಡುಗುತ್ತದೆ. ಮಾಳಿಗೆಗಿಂತ ಮಣ್ಣಿನ ಹಿತ್ತಲೇ ಮೇಲು. ಮಣ್ಣು, ಹುಲ್ಲು, ಗಿಡಮರಗಳು ಬೇಗ ತಂಪಾಗುತ್ತವೆ.

ಮಳೆಗಾಲ ಕಳೆದ ಮೇಲೆ, ಕಿತ್ತಳೆಯ ಸುಗ್ಗಿಯ ಹೊತ್ತಿಗೆ ಒಳ್ಳೆಯ ದಿನಗಳು ಬರುತ್ತವೆ. ನಾಗಪುರ ೨೧ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮಾರ್ಗಶಿರ, ಪುಷ್ಯ ಮಾಸಗಳ ತುಂಬುಚಂದ್ರ ಇಲ್ಲಿ ಹೆಚ್ಚುಕಡಮೆ ನೆತ್ತಿಗೇ ಏರುತ್ತಾನೆ. ನಡುವೆ ಅಡ್ಡ ಬರುವ ಗಾಳಿಯ ಪದರ ಆಗ ಅತ್ಯಂತ ತೆಳು. ತ್ರಯೋದಶಿಯ ಚಂದ್ರ ನೆತ್ತಿಯ ಬಳಿಗೆ ಬರುವುದು ರಾತ್ರಿ ಹತ್ತರ ಸುಮಾರಿಗೆ. ಅಷ್ಟು ಎತ್ತರಕ್ಕೆ ಮುಖ ಮಾಡಲು ಅನೇಕ ಮುಕ್ಕಾಲಿಗಳು ಒಪ್ಪುವುದಿಲ್ಲ. ಕತ್ತು ನೋಯುವುದಂತೂ ನಿಶ್ಚಯ. ಹಿತ್ತಲಿನಲ್ಲೊಂದು ಹೊರಸು ಹಾಕಿಕೊಳ್ಳುವುದು ಲೇಸು. ಗುಂಡಿ ಒತ್ತಿದ ಕೈಯ ಅದುರು ಚಿತ್ರಕ್ಕೆ ತಟ್ಟದಂತೆ ಎರಡು ಸೆಕೆಂಡು ತಡೆದು ತೆರೆಯುವ ಏರ್ಪಾಡನ್ನು ಬಳಸಬೇಕು. ಒಂದೇ ಚಿತ್ರವನ್ನು ನೆಚ್ಚದೆ ನೂರಾರು ಚಿತ್ರಗಳನ್ನು ತೆಗೆದು, ಗಾಳಿ ಒಂದು ಕ್ಷಣ ಸುಮ್ಮನಾದಾಗ ದೊರೆತವುಗಳನ್ನು ಮಾತ್ರ ಆರಿಸಿ, ಗಣಕಯಂತ್ರದಲ್ಲಿ ಒಂದರ ಮೇಲೊಂದು ಕೂಡಿಸಬೇಕು.

ನಮ್ಮದೇ ಚಿತ್ರ ಏಕೆ?

ಇಷ್ಟೆಲ್ಲ ಶ್ರಮವೇಕೆ ಎಂದು ಯಾರಾದರೂ ಕೇಳಬಹುದು. ಚಂದ್ರಯಾನ-೨ರ ಕಕ್ಷೆಯ ನೌಕೆಯಲ್ಲಿರುವ ಕ್ಯಾಮರಾ ಚಂದ್ರನ ನೆಲದ ಮೇಲಿನ ಸುಮಾರು ಕಾಲು ಮೀಟರಿನಷ್ಟು ಚಿಕ್ಕ ವಿವರವನ್ನೂ ತೋರಿಸಬಲ್ಲುದು. ಕೆಲವು ಹೊಸ ಫೋನುಗಳಂತೂ ಎತ್ತಿ ಹಿಡಿದ ಮಾತ್ರಕ್ಕೆ ಕುಳಿಗಳ ಸಮೇತ ಚಂದ್ರನನ್ನು ಮೂಡಿಸುತ್ತವೆ.

ಆದರೆ ಆ ಕುಳಿಗಳು ಎಲ್ಲಿಂದ ಬಂದವು? ೨೦೨೩ರಲ್ಲಿ ಒಬ್ಬ ಕುತೂಹಲಿ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಗಣಕಯಂತ್ರದ ಪರದೆಯ ಮೇಲಿಟ್ಟು, ಅಂಥ ಫೋನಿನಿಂದ ಅದರ ಚಿತ್ರ ತೆಗೆದ. ಪರದೆಯಲ್ಲಿ ಇಲ್ಲದ ವಿವರಗಳು ಫೋನಿನ ಚಿತ್ರದಲ್ಲಿ ಕಾಣಿಸಿಕೊಂಡವು! ಚಂದ್ರ ಹೇಗಿರಬೇಕೆಂಬುದನ್ನು ಮೊದಲೇ ಕಲಿತಿದ್ದ ಯಂತ್ರ, ಕಾಣದುದನ್ನು ತಾನೇ ತುಂಬಿಕೊಟ್ಟಿತ್ತು. ಅದು ಚಂದ್ರನ ಚಿತ್ರವಾಗಿರಬಹುದು. ಆ ರಾತ್ರಿ ನಾವು ಕಂಡುದರ ಸಾಕ್ಷಿಯಲ್ಲ.

ಈ ಲೇಖಕನ ಹಿತ್ತಲಿನಲ್ಲಿ ತೆಗೆದ ಚಿತ್ರದಲ್ಲಿ ರಾಮನ್ ಕುಳಿ ಸಾಸಿವೆಗಿಂತ ಕಿರಿದಾದ ಒಂದು ಕರಿಯ ಗುರುತು. ಪಕ್ಕದಲ್ಲಿ ಕೂದಲೆಳೆಯಷ್ಟು ಬೆಳಕು. ಮನೆಗೆ ಬಂದವರಿಗೆ ಬೆರಳಿಟ್ಟು ತೋರಿಸದಿದ್ದರೆ ಅದು ಕಾಣುವುದೂ ಇಲ್ಲ. ಆದರೆ ಆ ಕರಿದು ನಿಜವಾದ ನೆರಳು. ಒಂದು ತ್ರಯೋದಶಿಯ ರಾತ್ರಿ ಆ ಕುಳಿಯ ಅಂಚಿಗೆ ತಾಗಿದ ಬಿಸಿಲು ಒಂದೂಕಾಲು ಸೆಕೆಂಡಿನಲ್ಲಿ ನಾಗಪುರಕ್ಕೆ ಬಂದು ಮಸೂರವನ್ನು ಹೊಕ್ಕಿತು. ನಡುವೆ ಬೇರೆ ಯಾರ ಕೈಯೂ ಆಡಲಿಲ್ಲ. ಬೆಳಕು ಹೇಳಿದುದನ್ನೇ ಕೇಳಬೇಕೆಂದು ಬಾಳೆಲ್ಲ ದುಡಿದವರ ಹೆಸರಿನ ಕುಳಿಗೆ ಇದಕ್ಕಿಂತ ತಕ್ಕ ಚಿತ್ರ ಬೇಡವೆನಿಸುತ್ತದೆ.

ಮುಂದಿನ ಶುಕ್ಲ ಪಕ್ಷದಲ್ಲಿ ವಾಚಕರೂ ಪಂಚಾಂಗವನ್ನೊಮ್ಮೆ ತೆರೆದು ನೋಡಲಿ. ಹುಣ್ಣಿಮೆಗಾಗಿ ಕಾಯಬೇಕಾಗಿಲ್ಲ, ಷಷ್ಠಿಯಿಂದಲೇ ಆರಂಭಿಸಬಹುದು.